ಓದದೆ ಒತ್ತಿದ ಗುಂಡಿ

ನೆರೆಮನೆಯ ಹುಡುಗನ ಬಳಿ ಒಂದು ಸಿಂಥಸೈಝರ್ ಇದೆ. ನೋಡಲು ಹಾರ್ಮೋನಿಯಂನಂತೆ ಕೀಲಿಗಳಿರುವ ವಾದ್ಯ. ವಿದ್ಯುತ್ತಿನಿಂದ ಹುಟ್ಟುವ ಅದರ ಧ್ವನಿಯನ್ನು ನಮಗೆ ಬೇಕಾದಂತೆ ತಿದ್ದಿ, ಅದರೊಳಗೇ ಉಳಿಸಿಡಬಹುದು.

ಈ ತಿದ್ದುವ ಕೆಲಸವೇ ಕಷ್ಟ. 1983ರಲ್ಲಿ ಬಂದ ಯಮಹಾ ಡಿಎಕ್ಸ್7 ವಾದ್ಯದಲ್ಲಿ ಒಂದು ಧ್ವನಿಗಾಗಿ ನೂರಕ್ಕೂ ಹೆಚ್ಚು ಅಂಶಗಳನ್ನು ಎರಡು ಸಾಲಿನ ಪುಟ್ಟ ಪರದೆ ನೋಡಿಕೊಂಡು ಒಂದೊಂದಾಗಿ ಹೊಂದಿಸಬೇಕಿತ್ತು. ಈಗಿನ ಎಷ್ಟೋ ವಾದ್ಯಗಳನ್ನು ಯುಎಸ್‌ಬಿ ವಯರಿನಿಂದ ಕಂಪ್ಯೂಟರಿಗೆ ಜೋಡಿಸಿ, ಬ್ರೌಸರಿನಲ್ಲೊಂದು ಪುಟ ತೆರೆದು ಹೊಂದಿಸಬಹುದು. ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2022ರಲ್ಲಿ ಈ ಸೌಲಭ್ಯ ನೀಡಿದವು. ಬಳಕೆದಾರರ ಗುರುತು ಹಿಡಿಯಲು ಇದು ದಾರಿಯಾದೀತೆಂದು ಆಪಲ್ 2020ರಲ್ಲಿ ಸಫಾರಿಗೆ ಇದನ್ನು ಸೇರಿಸಲು ಒಪ್ಪಲಿಲ್ಲ.

ಪುಟ ತೆರೆದಾಗ ಬ್ರೌಸರ್ ಕೇಳುತ್ತದೆ: ಈ ಪುಟ ನಿಮ್ಮ ಸಾಧನವನ್ನು ನಿಯಂತ್ರಿಸಬಹುದೇ, ಅದರ ಪ್ರೋಗ್ರಾಮ್ ಬದಲಿಸಬಹುದೇ? ಇಂತಹದ್ದನ್ನೆಲ್ಲ ನಮ್ಮಲ್ಲಿ ಯಾರು ಓದುತ್ತಾರೆ ಹೇಳಿ! ಹುಡುಗನೂ 'ಅಲೋ' ಒತ್ತಿದ. ಎಲ್ಲಿಂದಲೋ ಸಿಕ್ಕಿದ ಹೊಸ ಧ್ವನಿಗಳ ಫೈಲನ್ನು ವಾದ್ಯಕ್ಕೆ ಕಳುಹಿಸಿದ. ಅವು ಹಳೆಯ ಧ್ವನಿಗಳ ಪಕ್ಕದಲ್ಲಿ ಹೋಗಿ ಕೂರಲಿಲ್ಲ, ಅವನ್ನು ಅಳಿಸಿ ಅದೇ ಜಾಗ ಹಿಡಿದವು. ಎಂಟು ತಿಂಗಳು ರಾತ್ರಿ ನಿದ್ದೆಗೆಟ್ಟು ರೂಪಿಸಿದ್ದೆಲ್ಲ ಹೋಯಿತು. ಎರಡು ದಿನ ಅವನು ಸರಿಯಾಗಿ ಉಣ್ಣಲಿಲ್ಲವೆಂದು ತಾಯಿ ಬಂದು ಹೇಳಿಕೊಂಡರು.

ಇಂತಹ ಪುಟಗಳಲ್ಲಿ ವಾದ್ಯದೊಳಗಿನ ಧ್ವನಿಗಳನ್ನು ಕಂಪ್ಯೂಟರಿಗೆ ತಂದು ಫೈಲಾಗಿ ಉಳಿಸುವ ಗುಂಡಿಯೂ ಸಾಮಾನ್ಯವಾಗಿ ಇರುತ್ತದೆ. ಮೊದಲು ಅದನ್ನು ಒತ್ತಬೇಕು. ಹೊಸದನ್ನು ಕಳುಹಿಸುವುದು ಆಮೇಲೆ.

ಅವನಿಗೆ ಮೂರು ಧ್ವನಿಗಳು ಮಾತ್ರ ಮರಳಿ ಸಿಕ್ಕಿದವು. ಹಿಂದೊಮ್ಮೆ ಗೆಳೆಯನಿಗೆ ಕಳುಹಿಸಿದ್ದ ಫೈಲಿನಲ್ಲಿ ಅವು ಉಳಿದುಕೊಂಡಿದ್ದವು.