ಆರ್‌ಸಿ ಇಲ್ಲದ ಗಾಡಿ: ರೇಸಿಂಗ್ ಸೈಕಲ್ ಕೊಳ್ಳಲು ಬೆಂಗಳೂರಿಗೆ ಹೋಗುವ ಮುನ್ನ

ಬಾಗಲಕೋಟೆ, ವಿಜಯಪುರದ ಕಡೆಯವರಿಗೆ ಸೈಕಲ್ ರೇಸಿನ ಹುಚ್ಚು ಎಂಥದ್ದು ಅಂತ ವಿವರಿಸಬೇಕಿಲ್ಲ. ಜಾತ್ರೆಗೊಂದು ರೇಸ್, ಊರಿಗೊಬ್ಬ ಸೈಕಲಿಸ್ಟ್. ಎರಡೂ ಜಿಲ್ಲೆಗಳ ಕ್ರೀಡಾ ಹಾಸ್ಟೆಲ್‌ಗಳಿಂದ, ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆಯಿಂದ ರಾಷ್ಟ್ರಮಟ್ಟಕ್ಕೆ ಹೋದ ಹುಡುಗ ಹುಡುಗಿಯರು ಬಹಳ ಮಂದಿ. ಹಾಸ್ಟೆಲ್ ಸೀಟು ಸಿಕ್ಕವರಿಗೆ ಅಲ್ಲೇ ಸೈಕಲ್ ಸಿಗುತ್ತದೆ. ಸಿಗದವರು, ಹಾಸ್ಟೆಲ್ ಬಿಟ್ಟು ಹೊರಗೆ ಬಂದವರು ಏನು ಮಾಡಬೇಕು? ಶಿಮಾನೊ 105 ಗೇರ್ ಇರುವ ಹೊಸ ರೋಡ್ ಬೈಕಿಗೆ ಲಕ್ಷಕ್ಕೂ ಮೇಲೆ ಬೇಕು. (ರೋಡ್ ಬೈಕ್ ಅಂದರೆ ಮೋಟಾರ್ ಗಾಡಿ ಅಲ್ಲ, ಬಾಗಿದ ಹ್ಯಾಂಡಲ್, ಸಣ್ಣ ಟೈರಿನ ನಮ್ಮ ರೇಸಿಂಗ್ ಸೈಕಲ್.) ಹಾಗಾಗಿ ಫೋನ್ ತೆಗೆದು ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಮಾಲು ಹುಡುಕುತ್ತಾರೆ.

ಹುಡುಕುವುದು ತಪ್ಪಲ್ಲ. 2020ರಲ್ಲಿ ಕೊರೊನಾ ಬಂದು ಜಿಮ್‌ಗಳಿಗೆ ಬೀಗ ಬಿದ್ದಾಗ ಇಂದಿರಾನಗರ, ಕೆ.ಆರ್. ಪುರಂ ಕಡೆಯ ಐಟಿ ಮಂದಿ ದುಬಾರಿ ಸೈಕಲ್ ಕೊಂಡರು. ಆಫೀಸು ಮತ್ತೆ ಶುರುವಾದ ಮೇಲೆ ಎಷ್ಟೋ ಸೈಕಲ್ ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಧೂಳು ತಿನ್ನುತ್ತಾ ನಿಂತಿವೆ. ಅಂಥವು ಅರ್ಧ ಬೆಲೆಗೆ, ಕೆಲವು ಸಲ ಅದಕ್ಕಿಂತ ಕಡಿಮೆಗೂ ಸಿಗುತ್ತವೆ. ಒಳ್ಳೆಯ ಮಾಲು ಇದೆ, ಒಳ್ಳೆಯ ಮಂದಿಯೂ ಇದ್ದಾರೆ. ಅವರ ನಡುವೆಯೇ ಕಳ್ಳರೂ ಕೂತಿದ್ದಾರೆ.

ನಮ್ಮ ತಾಲ್ಲೂಕಿನ ಒಬ್ಬ ಹುಡುಗ ಕಳೆದ ವರ್ಷ ಎಂಟು ಸಾವಿರ ಕಳೆದುಕೊಂಡ. ಫೋಟೊದಲ್ಲಿ ಚಂದದ ಸೈಕಲ್, ಬೆಲೆ ಹದಿನೆಂಟು ಸಾವಿರ. ಮಾರುವವನು ಹಲಸೂರಿನ ಮಿಲಿಟರಿ ಸೆಂಟರ್‌ನಲ್ಲಿ ಇದ್ದೇನೆ, ಟ್ರಾನ್ಸ್‌ಫರ್ ಆಗಿದೆ, ಅದಕ್ಕೇ ಕಡಿಮೆಗೆ ಕೊಡುತ್ತಿದ್ದೇನೆ ಎಂದನಂತೆ. ಯೂನಿಫಾರ್ಮಿನ ಫೋಟೊ, ಐಡಿ ಕಾರ್ಡ್, ಕ್ಯಾಂಟೀನ್ ಕಾರ್ಡ್ ಎಲ್ಲ ವಾಟ್ಸ್ಆ್ಯಪ್‌ಗೆ ಬಂದವು. ಮೊದಲು ಬುಕಿಂಗ್ ಅಂತ ಎರಡು ಸಾವಿರ. ಆಮೇಲೆ 'ಆರ್ಮಿ ಟ್ರಾನ್ಸ್‌ಪೋರ್ಟ್' ಖರ್ಚು. ಆಮೇಲೆ ಜಿಎಸ್‌ಟಿ, ಸೈಕಲ್ ಮುಟ್ಟಿದ ಕೂಡಲೇ ವಾಪಸ್ ಬರುತ್ತದೆ ಎಂಬ ಮಾತಿನ ಮೇಲೆ. ಇನ್ನೂ ಕೇಳಿದಾಗ ಹುಡುಗನ ಅಪ್ಪನಿಗೆ ಗೊತ್ತಾಯಿತು. ನಾನು ವಿಚಾರಿಸಲು ಹೋದಾಗ ಹುಡುಗ ಹೇಳಿದ್ದು ಇಷ್ಟೇ: "ಅಣ್ಣಾ, ಮಿಲಿಟರಿ ಮಂದಿ ಮೋಸ ಮಾಡ್ತಾರಂತ ಯಾರರ ಅನ್ಕೋತಾರೇನ್ರಿ?"

ಆ ಕಳ್ಳ ಹೂಡಿದ ಬಂಡವಾಳ ಈ ಒಂದು ಮಾತು. ನಮ್ಮ ಊರುಗಳಲ್ಲಿ ಮನೆಗೊಬ್ಬ ಅಲ್ಲದಿದ್ದರೂ ಓಣಿಗೊಬ್ಬ ಸೈನ್ಯದಲ್ಲಿದ್ದಾನೆ. ಹಲಸೂರು ಕೆರೆಯ ಪಕ್ಕ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರ ಇರುವುದೂ ನಿಜ. ನಿಜವಾದ ಜಾಗದ ಹೆಸರಿಗೆ ಸುಳ್ಳು ಮನುಷ್ಯನನ್ನು ಅಂಟಿಸಿದರೆ ನಂಬುವುದು ಸುಲಭ. ಐಡಿ ಕಾರ್ಡುಗಳೂ ಎಷ್ಟೋ ಸಲ ನಿಜವಾದ ಯೋಧರವೇ ಆಗಿರುತ್ತವೆ, ಎಲ್ಲಿಂದಲೋ ಕದ್ದ ಫೋಟೊಗಳು. ಈ ಆಟ ಆಡುವವನು ಹಲಸೂರನ್ನು ನೋಡಿಯೇ ಇರಬೇಕಿಲ್ಲ, ಬೇರೆ ರಾಜ್ಯದಲ್ಲಿ ಕೂತೂ ಆಡಬಹುದು. ಸೇವೆಯಲ್ಲಿರುವ ಯೋಧ ತನ್ನ ಕಾರ್ಡನ್ನು ಗುರುತಿಲ್ಲದವನ ಫೋನಿಗೆ ಯಾಕೆ ಕಳಿಸುತ್ತಾನೆ? ಕೇಳದೆಯೇ ಕಾರ್ಡ್ ಬಂತೆಂದರೆ ಮಾತು ಅಲ್ಲಿಗೆ ಮುಗಿಸಿ.

ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ನಾಳೆ ಅಲ್ಲ, ಆ ಗಂಟೆಯಲ್ಲೇ. ಹಣ ಇನ್ನೂ ಯಾವುದೋ ಖಾತೆಯಲ್ಲಿ ನಿಂತಿದ್ದರೆ ತಡೆಹಿಡಿಯಲು ಆಗುತ್ತದೆ, ಒಮ್ಮೆ ಎಟಿಎಂನಿಂದ ಹೊರಬಿದ್ದರೆ ಕಷ್ಟ. ಇನ್ನೊಂದು ಮಾತು, ಇದು ಸೈಕಲ್‌ಗೆ ಮಾತ್ರ ಅಲ್ಲ: ನಿಮಗೆ ಹಣ ಬರಬೇಕಾದರೆ ಯುಪಿಐ ಪಿನ್ ಒತ್ತಬೇಕಾಗಿಯೇ ಇಲ್ಲ. 'ವಾಪಸ್ ಹಾಕುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ' ಎಂದರೆ ಅವನು ಎರಡನೇ ಸಲ ದೋಚುತ್ತಿದ್ದಾನೆ.

ಮುಂಗಡ ಕೊಡಲೇಬೇಡಿ ಎನ್ನುವುದು ನನ್ನ ನಿಲುವು. ಐನೂರೂ ಬೇಡ. 'ಬೇರೆಯವರು ಕೇಳುತ್ತಿದ್ದಾರೆ' ಎಂದರೆ ಅವರಿಗೇ ಕೊಡಲಿ ಬಿಡಿ. ರಾತ್ರಿ ಬಸ್ಸಿಗೆ ಹೋಗಿ, ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೊ ಹತ್ತಿದರೆ ಹಲಸೂರು, ಇಂದಿರಾನಗರ, ಕೆ.ಆರ್. ಪುರ ಎಲ್ಲ ಒಂದೇ ದಾರಿ. ಹೋಗಿ ಬರುವ ಖರ್ಚು ಆ ಹುಡುಗ ಕಳೆದುಕೊಂಡಿದ್ದಕ್ಕಿಂತ ಎಷ್ಟೋ ಕಡಿಮೆ. ಬೆಳಕಿರುವಾಗ, ಆಗುವುದಾದರೆ ಮಾರುವವರ ಮನೆಯಲ್ಲೇ ನೋಡಿ. ಮನೆ ತೋರಿಸಲು ಒಪ್ಪದವರು ಮೆಟ್ರೊ ಸ್ಟೇಷನ್ ಬಾಗಿಲಿಗಾದರೂ ಬರಲಿ. ಹೆಣ್ಣುಮಕ್ಕಳು ಮಾರುವಾಗ ಮನೆ ತೋರಿಸದಿದ್ದರೆ ಅದರಲ್ಲಿ ಅನುಮಾನ ಪಡುವಂಥದ್ದಿಲ್ಲ.

ಸೈಕಲ್ ಎದುರಿಗೆ ಬಂದಾಗ ನಮ್ಮ ಹುಡುಗರು ಮೊದಲು ನೋಡುವುದು ಗೇರ್. ನನ್ನ ಕೇಳಿದರೆ ಮೊದಲು ಅದನ್ನು ತಲೆಕೆಳಗೆ ಮಾಡಿ. ಪೆಡಲ್‌ಗಳ ನಡುವೆ, ಫ್ರೇಮಿನ ಹೊಟ್ಟೆಯ ಕೆಳಗೆ ಸಾಮಾನ್ಯವಾಗಿ ಒಂದು ನಂಬರ್ ಒತ್ತಿರುತ್ತಾರೆ. ಮೋಟಾರ್ ಬೈಕಿಗೆ ಆರ್‌ಸಿ ಇದೆ, ನಂಬರ್ ಹಾಕಿದರೆ ಮಾಲೀಕನ ವಿವರ ಸಿಗುತ್ತದೆ. ಸೈಕಲ್‌ಗೆ ಅದಿಲ್ಲ. ಒಂದು ಕಾಲದಲ್ಲಿ ಪುರಸಭೆಯವರು ತೆರಿಗೆ ಹಾಕಿ ತಗಡಿನ ಬಿಲ್ಲೆ ಕೊಡುತ್ತಿದ್ದರು, ಈಗ ಅದೂ ಇಲ್ಲ. ಎರಡು ಲಕ್ಷದ ಸೈಕಲ್ ಯಾರದ್ದು ಎಂದು ಹೇಳಲು ಆ ನಂಬರ್ ಮತ್ತು ಅಂಗಡಿಯ ಬಿಲ್ ಬಿಟ್ಟರೆ ಬೇರೆ ಗಟ್ಟಿ ಆಧಾರ ಸಿಗುವುದಿಲ್ಲ. ನಂಬರ್ ಉಜ್ಜಿ ಅಳಿಸಿದ್ದರೆ, ಆ ಜಾಗಕ್ಕೆ ಮಾತ್ರ ಹೊಸ ಬಣ್ಣ ಬಿದ್ದಿದ್ದರೆ ಎದ್ದು ಬನ್ನಿ. ಕಳುವಿನ ಮಾಲೆಂದು ಗೊತ್ತಿದ್ದೂ, ಅಥವಾ ಗೊತ್ತಾಗುವಂಥ ಕಾರಣ ಇದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲಿದೆ. ಲಕ್ಷದ ಸೈಕಲ್ ಹತ್ತು ಸಾವಿರಕ್ಕೆ ಸಿಕ್ಕಾಗ 'ನನಗೆ ಗೊತ್ತಿರಲಿಲ್ಲ' ಎಂದರೆ ಪೊಲೀಸರು ನಗುತ್ತಾರೆ.

ಶಿವಾಜಿನಗರದ ಗುಜರಿ ಸಾಲಿನ ಬಗ್ಗೆ ಒಂದು ಮಾತು. ಅಲ್ಲಿರುವುದೆಲ್ಲ ಕಳುವಿನ ಮಾಲು ಎಂದು ನಮ್ಮ ಕಡೆ ಸಲೀಸಾಗಿ ಹೇಳಿಬಿಡುತ್ತಾರೆ. ಅದು ಅನ್ಯಾಯ. ಹಳೆಯ ಬಿಡಿಭಾಗ ಹುಡುಕುವವರಿಗೆ ಅದು ಉಪಯೋಗದ ಜಾಗ, ತಲೆಮಾರುಗಳಿಂದ ಅದರಲ್ಲೇ ಬದುಕಿದ ಮೆಕ್ಯಾನಿಕ್‌ಗಳಿದ್ದಾರೆ. ಆದರೆ ಇಡೀ ರೇಸಿಂಗ್ ಸೈಕಲ್ ಅನ್ನು ಬಿಲ್ ಇಲ್ಲದೆ ಅಲ್ಲಿಂದಾಗಲಿ, ಇಂದಿರಾನಗರದ ಗಾಜಿನ ಅಂಗಡಿಯಿಂದಾಗಲಿ ತರಬೇಡಿ. ಬೀದಿ ನೋಡಿ ಮನುಷ್ಯನ ಯೋಗ್ಯತೆ ಅಳೆಯುವ ಚಟ ಬಿಟ್ಟು ಕಾಗದ ನೋಡಿ.

ಇನ್ನು ನಕಲಿ. 'ಕಾರ್ಬನ್' ಎಂಬ ಸ್ಟಿಕ್ಕರ್ ಕಂಡರೆ ನಮ್ಮವರ ಕಣ್ಣು ಅರಳುತ್ತದೆ. ಜೇಬಿನಲ್ಲಿ ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಿ. ಅಂಟಿದರೆ ಅದು ಕಬ್ಬಿಣ. ಅಂಟದಿದ್ದರೆ ಅಲ್ಯೂಮಿನಿಯಂ ಆಗಿರಬಹುದು, ಕಾರ್ಬನ್ ಆಗಿರಬಹುದು. ಕೊಳವೆಗಳು ಸೇರುವಲ್ಲಿ ವೆಲ್ಡಿಂಗ್ ಅಲೆ ಕಂಡರೆ ಅಲ್ಯೂಮಿನಿಯಂ. ನಿಜಕ್ಕೂ ಕಾರ್ಬನ್ ಇದ್ದರೂ ಭಯ ಮುಗಿಯುವುದಿಲ್ಲ. ಇಟಲಿಯ ಪಿನರೆಲ್ಲೊ, ಅಮೆರಿಕದ ಸ್ಪೆಷಲೈಜ್ಡ್ ಹೆಸರು ಬರೆದ ಚೀನಾದ ನಕಲಿ ಫ್ರೇಮ್‌ಗಳು ಜಗತ್ತಿನ ತುಂಬ ಹರಡಿವೆ. ಅಸಲಿ ಫ್ರೇಮಾದರೂ ಹಿಂದೊಮ್ಮೆ ಬಿದ್ದು ಒಳಗೆ ಸೀಳಿದ್ದರೆ ಮೇಲಿನ ಬಣ್ಣ ಅದನ್ನು ಮುಚ್ಚಿರುತ್ತದೆ. ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋಗಿ, ಟಣ್ ಎನ್ನುವ ಸದ್ದು ಒಂದು ಕಡೆ ಮಾತ್ರ ಡಬ್ ಎಂದು ಸತ್ತರೆ ಕೈ ಬಿಡಿ. ಇಳಿಜಾರಿನಲ್ಲಿ ಐವತ್ತರ ಸ್ಪೀಡಿನಲ್ಲಿ ಮುಂದಿನ ಫೋರ್ಕ್ ಮುರಿದರೆ ಹೋಗುವುದು ಹಣ ಒಂದೇ ಅಲ್ಲ. ಸರ್ಕಾರಿ ಆಸ್ಪತ್ರೆಯ ಬಾಗಿಲು ಎಷ್ಟು ದೂರ ಎಂದು ನಮಗೆಲ್ಲ ಗೊತ್ತು. ಅದಕ್ಕೇ ಹೇಳುತ್ತೇನೆ, ಮೊದಲ ಸೈಕಲ್‌ಗೆ ಗಟ್ಟಿ ಅಲ್ಯೂಮಿನಿಯಂ ಸಾಕು.

ಗೇರಿನ ವಿಷಯದಲ್ಲಿ ಎಣಿಸಲು ಬಂದರೆ ಸಾಕು. 2015ರಿಂದೀಚಿನ ಶಿಮಾನೊದಲ್ಲಿ ಹಿಂದಿನ ಚಕ್ರದ ಹಲ್ಲುಗಾಲಿ ಎಂಟಿದ್ದರೆ ಕ್ಲಾರಿಸ್, ಒಂಬತ್ತಿದ್ದರೆ ಸೋರಾ, ಹತ್ತಿದ್ದರೆ ಟಿಯಾಗ್ರಾ, ಹನ್ನೊಂದಿದ್ದರೆ 105 ಅಥವಾ ಅದರ ಮೇಲಿನದು. ಜಾಹೀರಾತಿನಲ್ಲಿ 105 ಎಂದು ಬರೆದು ಫೋಟೊದಲ್ಲಿ ಒಂಬತ್ತು ಕಂಡರೆ ಬಸ್ ಟಿಕೆಟ್ ಉಳಿಯಿತು. ಚೈನಿಗೆ ಅಡಿಪಟ್ಟಿ ಹಿಡಿಯಿರಿ. ಒಂದು ಪಿನ್ನಿನ ನಡುವಿನಿಂದ, ಅದನ್ನು ಬಿಟ್ಟು ಎಣಿಸಿದ ಇಪ್ಪತ್ತನಾಲ್ಕನೇ ಪಿನ್ನಿನ ನಡುವಿಗೆ ಹೊಸ ಚೈನ್ ಸರಿಯಾಗಿ 12 ಇಂಚು ಬರುತ್ತದೆ. ಇಂಚಿನ ಎಂಟನೇ ಒಂದು ಭಾಗ ಹೆಚ್ಚಿದ್ದರೆ ಚೈನ್ ಜೊತೆ ಹಲ್ಲುಗಾಲಿಯೂ ಸವೆದಿರುತ್ತದೆ, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ. ಸೈಜ್ ಮರೆಯಬೇಡಿ. ಐದೂವರೆ ಅಡಿಯ ಹುಡುಗ 58ರ ಫ್ರೇಮ್ ತಂದರೆ ಎಷ್ಟು ಅಗ್ಗಕ್ಕೆ ತಂದರೂ ನಷ್ಟವೇ.

ಮೋಸ ಹೋದವರನ್ನು ನಾವು ದುರಾಸೆಯವನು ಎನ್ನುತ್ತೇವೆ. ಆ ಹುಡುಗನ ಆಸೆ ರೇಸ್ ಓಡಬೇಕು ಎಂಬುದಷ್ಟೇ. ಕೇಳಬೇಕಾದವರು ಬೇರೆ ಇದ್ದಾರೆ. ಬಿಲ್ಲಿನಲ್ಲಿ ಫ್ರೇಮ್ ನಂಬರ್ ಬರೆಯದ ಅಂಗಡಿಯವರು, ನಂಬರ್ ಎಲ್ಲಿರುತ್ತದೆ ಎಂದು ಶಿಷ್ಯರಿಗೆ ಒಮ್ಮೆಯೂ ತೋರಿಸದ ಕೋಚ್‌ಗಳು. ರೇಸ್ ನಡೆಸುವ ಜಾತ್ರಾ ಕಮಿಟಿಯವರು ಹೆಸರು ಬರೆದುಕೊಳ್ಳುವಾಗ ಫ್ರೇಮ್ ನಂಬರನ್ನೂ ಬರೆದುಕೊಂಡರೆ ಒಂದು ಪೆನ್ನಿನ ಖರ್ಚು, ಜಿಲ್ಲೆಯ ಸೈಕಲ್‌ಗಳಿಗೊಂದು ಪಟ್ಟಿಯೇ ಆದೀತು.

ಕೊಂಡವರು ಬಿಳಿ ಹಾಳೆಯಲ್ಲಿ ದಿನಾಂಕ, ಬೆಲೆ, ಫ್ರೇಮ್ ನಂಬರ್ ಬರೆದು ಮಾರಿದವರ ಸಹಿ ಹಾಕಿಸಿಕೊಳ್ಳಿ, ಹಣ ಅವರ ಹೆಸರಿನ ಖಾತೆಗೇ ಹಾಕಿ. ಆ ಹಾಳೆ ರೇಷನ್ ಕಾರ್ಡ್ ಇಡುವ ಚೀಲದಲ್ಲಿರಲಿ. ಎರಡು ವರ್ಷ ಬಿಟ್ಟು ನೀವು ಮಾರಲು ನಿಂತಾಗ, ಕೊಳ್ಳಲು ಬಂದ ಹುಡುಗ ಮೊದಲು ಅದನ್ನೇ ಕೇಳಲಿ.