ಅಟ್ಟದ ನೊರೆ, ಬ್ಯಾಂಕಿನ ಅನುಮಾನ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಮನೆ ಮಾರುವ ಕಷ್ಟದ ಬಗ್ಗೆ ಏನೂ ಹೇಳಿ ಹೋಗಲಿಲ್ಲ. ಆ ಕಷ್ಟ ಎಂಥದ್ದೆಂದು ಬ್ರಿಟನ್ನಿನ ಅನೇಕ ಮನೆಯೊಡೆಯರು ಈಗ ಕಲಿಯುತ್ತಿದ್ದಾರೆ. ಚಳಿಗಾಲದ ಗ್ಯಾಸ್ ಬಿಲ್ಲು ಇಳಿಯಲಿ ಎಂದು ಅವರು ಕೈಯಿಂದ ಸಾವಿರಾರು ಪೌಂಡು ಖರ್ಚು ಮಾಡಿ ಮಾಡಿನ ಒಳಮೈಗೆ ಪ್ಲಾಸ್ಟಿಕ್ ನೊರೆ ಹೊಡೆಸಿಕೊಂಡರು. ಮನೆ ಬೆಚ್ಚಗಾಯಿತು. ಕೆಲವು ವರ್ಷಗಳ ನಂತರ ಮನೆ ಮಾರಲು ಹೊರಟಾಗ ಕೊಳ್ಳುವವರು ಬಂದರು, ಬೆಲೆಯೂ ಕುದುರಿತು. ಆದರೆ ಕೊಳ್ಳುವವರಿಗೆ ಸಾಲ ಕೊಡಬೇಕಾದ ಬ್ಯಾಂಕು ಮಾತ್ರ ತಲೆಯಾಡಿಸಿತು. ಗೋಡೆ ಬಿರುಕು ಬಿಟ್ಟಿರಲಿಲ್ಲ, ಹಕ್ಕುಪತ್ರದಲ್ಲಿ ತಕರಾರಿರಲಿಲ್ಲ. ಅಟ್ಟದಲ್ಲಿ ನೊರೆ ಇತ್ತು, ಅಷ್ಟೆ.

ಇದು ವಿಚಿತ್ರವೆನಿಸಬಹುದು. ಆದರೆ ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಬರುವ ‘ಇಬ್ಬನಿ ಬಿಂದು’ ಎಂಬ ಪಾಠ ಮತ್ತು ಬ್ಯಾಂಕಿನವರು ಸಾಲ ಕೊಡುವಾಗ ಹಾಕುವ ಲೆಕ್ಕ, ಇವೆರಡೂ ಒಂದೇ ಅಟ್ಟದಲ್ಲಿ ಸಂಧಿಸುವುದನ್ನು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮೊದಲು ಆ ಮಾಡನ್ನು ನೋಡೋಣ. ಬ್ರಿಟನ್ನಿನ ಹಳೆಯ ಮನೆಗಳದು ಇಳಿಜಾರು ಮಾಡು. ಮರದ ಪಕಾಸು, ಅದರ ಮೇಲೆ ರೀಪು, ರೀಪಿನ ಮೇಲೆ ಹೆಂಚು ಅಥವಾ ಸ್ಲೇಟು. ಹಿಂದೆ ಶಾಲೆಯ ಮಕ್ಕಳು ಬಳಪ ಹಿಡಿದು ಬರೆಯುತ್ತಿದ್ದರಲ್ಲ, ಅದೇ ಜಾತಿಯ ಕಲ್ಲು. ಇಪ್ಪತ್ತನೆಯ ಶತಮಾನದಲ್ಲಿ ಕಟ್ಟಿದ ಎಷ್ಟೋ ಮನೆಗಳಲ್ಲಿ ಹೆಂಚಿನಡಿಗೆ ಡಾಂಬರು ಮೆತ್ತಿದ ದಪ್ಪ ಹಾಳೆಯೊಂದನ್ನು ಹಾಸಿರುತ್ತಾರೆ. ಮಲಗುವ ಕೋಣೆಗಳ ಮುಚ್ಚಿಗೆಗೂ ಈ ಮಾಡಿಗೂ ನಡುವೆ ಉಳಿಯುವ ತ್ರಿಕೋನಾಕಾರದ ಜಾಗವೇ ಅಟ್ಟ. ಹಳೆಯ ಪೆಟ್ಟಿಗೆಗಳು, ಕ್ರಿಸ್ಮಸ್ ಅಲಂಕಾರದ ಸಾಮಾನು, ನೀರಿನ ತೊಟ್ಟಿ ಇರುವುದು ಅಲ್ಲೇ. ಈ ಅಟ್ಟ ಉಸಿರಾಡುವಂತೆ ಕಟ್ಟಿದ್ದು ಎಂಬುದು ಮುಖ್ಯ ಸಂಗತಿ. ಸೂರಿನ ಸಂದುಗಳಿಂದ ಗಾಳಿ ಒಳಗೆ ಬಂದು, ಪಕಾಸುಗಳನ್ನು ಸವರಿಕೊಂಡು, ಇನ್ನೊಂದು ಬದಿಯಿಂದ ಹೊರಗೆ ಹೋಗುತ್ತದೆ. ಅಲ್ಪಸ್ವಲ್ಪ ಮಳೆನೀರು ಸೋರಿದರೂ ಆ ಗಾಳಿ ಮರವನ್ನು ಮತ್ತೆ ಒಣಗಿಸುತ್ತದೆ. ನೂರು ನೂರೈವತ್ತು ವರ್ಷ ಹಳೆಯ ಮಾಡುಗಳು ಇವತ್ತಿಗೂ ಗಟ್ಟಿಯಾಗಿ ನಿಂತಿದ್ದರೆ ಅದಕ್ಕೆ ಮರದ ಗುಣವೆಷ್ಟು ಕಾರಣವೋ ಈ ಗಾಳಿಯೂ ಅಷ್ಟೇ ಕಾರಣ.

ಆದರೆ ಶಾಖ ಹಿಡಿದಿಡುವ ಯಾವ ಹೊದಿಕೆಯೂ ಇಲ್ಲದ ಮನೆಯಲ್ಲಿ ಒಟ್ಟು ಶಾಖದ ಸುಮಾರು ಕಾಲು ಭಾಗ ಮಾಡಿನ ಮೂಲಕವೇ ಸೋರಿಹೋಗುತ್ತದೆ. ಇದಕ್ಕೆ ಅಲ್ಲಿನ ಹಳೆಯ ಪರಿಹಾರವೆಂದರೆ ಅಟ್ಟದ ನೆಲದ ಮೇಲೆ ಗಾಜಿನ ಉಣ್ಣೆಯನ್ನೋ ಖನಿಜದ ಉಣ್ಣೆಯನ್ನೋ ಕಂಬಳಿಯಂತೆ ಹಾಸುವುದು. ಈಗ ಹೇಳುವ ದಪ್ಪ 270 ಮಿಲಿಮೀಟರ್. ಅಗ್ಗದ, ನಿರುಪದ್ರವಿ ಉಪಾಯ. ಮನೆಯ ಶಾಖ ಮುಚ್ಚಿಗೆಯಲ್ಲೇ ತಡೆಯುತ್ತದೆ. ಅಟ್ಟ ತಣ್ಣಗೆ, ಗಾಳಿಯಾಡುತ್ತಾ ಇರುತ್ತದೆ. ಆದರೆ ಅಷ್ಟು ದಪ್ಪ ಕಂಬಳಿ ಹಾಸಿದ ಮೇಲೆ ಪೆಟ್ಟಿಗೆ ಇಡುವುದೆಲ್ಲಿ?

ನೊರೆ ಮಾರುವವರು ಬಂದದ್ದು ಈ ಪ್ರಶ್ನೆಗೆ ಉತ್ತರ ಹಿಡಿದುಕೊಂಡೇ. ನೆಲಕ್ಕೆ ಏನೂ ಹಾಸಬೇಡಿ, ಹೆಂಚಿನ ಒಳಮೈಗೇ ನೊರೆ ಹೊಡೆಯುತ್ತೇವೆ, ಅಟ್ಟವೂ ಬೆಚ್ಚಗಾಗುತ್ತದೆ, ಸಡಿಲವಾದ ಹೆಂಚುಗಳೂ ಅಂಟಿಕೊಂಡು ಭದ್ರವಾಗುತ್ತವೆ, ಎಲ್ಲವೂ ಒಂದೇ ದಿನದಲ್ಲಿ! ಕೇಳಲು ಹಿತವಾಗಿಯೇ ಇತ್ತು. ಈ ನೊರೆ ಹೊಸ ವಸ್ತುವೇನೂ ಅಲ್ಲ. 1937ರಲ್ಲಿ ಜರ್ಮನಿಯ ಲೆವರ್ಕುಸೆನ್‌ನಲ್ಲಿ ಒಟ್ಟೊ ಬೇಯರ್ ಎಂಬ ರಸಾಯನಶಾಸ್ತ್ರಜ್ಞ ಮತ್ತು ಸಂಗಡಿಗರು ಕಂಡುಹಿಡಿದ ಪಾಲಿಯುರಿಥೇನ್ ಇದು. (ಮಾತ್ರೆ ತಯಾರಿಸುವ ಬೇಯರ್ ಕಂಪನಿಯ ಸ್ಥಾಪಕರಿಗೂ ಇವರಿಗೂ ರಕ್ತಸಂಬಂಧವಿಲ್ಲ, ಹೆಸರಷ್ಟೇ ಒಂದು.) ಮನೆಯ ಫ್ರಿಜ್ಜಿನ ಗೋಡೆಯೊಳಗಿರುವುದು ಇದೇ, ಹಾಸಿಗೆಯ ಮೆತ್ತೆಯೂ ಇದೇ. ಐಸೊಸಯನೇಟ್ ಮತ್ತು ಪಾಲಿಯಾಲ್ ಎಂಬ ಎರಡು ದ್ರವಗಳು ಪಿಚಕಾರಿಯ ಬಾಯಿಯಲ್ಲಿ ಕೂಡಿದೊಡನೆ ಬಿಸಿಯಾಗಿ, ಉಬ್ಬಿ, ಕ್ಷಣಗಳಲ್ಲಿ ಗಟ್ಟಿಯಾಗುತ್ತವೆ. ನೊರೆಯಲ್ಲಿ ಎರಡು ಬಗೆ: ಗುಳ್ಳೆಗಳು ಒಡೆದು ಸ್ಪಂಜಿನಂತೆ ಮೆತ್ತಗಿರುವುದು ಒಂದು, ಗುಳ್ಳೆಗಳು ಮುಚ್ಚಿಕೊಂಡು ಹಲಗೆಯಂತೆ ಬಿಗಿಯಾಗುವುದು ಇನ್ನೊಂದು.

ಸರ್ಕಾರವೂ ಇದಕ್ಕೆ ಬೆನ್ನು ತಟ್ಟಿತು. 2020ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ‘ಗ್ರೀನ್ ಹೋಮ್ಸ್ ಗ್ರಾಂಟ್’ ಎಂಬ ಯೋಜನೆ ಶುರುವಾಯಿತು. ಶಾಖ ಉಳಿಸುವ ಕೆಲಸ ಮಾಡಿಸುವವರಿಗೆ ಖರ್ಚಿನ ಮೂರನೆಯ ಎರಡು ಭಾಗ, ಹೆಚ್ಚೆಂದರೆ 5,000 ಪೌಂಡಿನ ವೋಚರು; ಕಡಿಮೆ ವರಮಾನದವರಿಗೆ 10,000ದವರೆಗೆ. ಆರು ಲಕ್ಷ ಮನೆ ತಲುಪುವ ಆಸೆಯಿಂದ ಹೊರಟ ಯೋಜನೆ 2021ರ ಮಾರ್ಚಿನಲ್ಲೇ ಬಾಗಿಲು ಹಾಕಿತು. ಅದರಡಿ ನೊರೆ ಹೊಡೆಸಿಕೊಂಡವರೂ ಇದ್ದರು. ಸರ್ಕಾರವೇ ಹಣ ಕೊಡುತ್ತಿರುವಾಗ ಇದರಲ್ಲಿ ಮೋಸವೇನಿರಲು ಸಾಧ್ಯ ಎಂದು ಯಾರಾದರೂ ಅಂದುಕೊಳ್ಳುವುದು ಸಹಜ. ಮುಂದೆ 2022ರಲ್ಲಿ ಉಕ್ರೇನ್ ಯುದ್ಧದಿಂದ ಗ್ಯಾಸಿನ ಬೆಲೆ ಗಗನಕ್ಕೇರಿದಾಗ ಮನೆ ಬೆಚ್ಚಗಿಡುವ ಯಾವ ಉಪಾಯಕ್ಕೂ ಗಿರಾಕಿಗಳ ಕೊರತೆ ಇರಲಿಲ್ಲ.

ಈಗ ಇಬ್ಬನಿ ಬಿಂದುವಿಗೆ ಬರೋಣ. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿ ಇರಬಹುದು; ಸೊನ್ನೆ ಡಿಗ್ರಿಯಲ್ಲಿ ಐದು ಗ್ರಾಂ ಕೂಡ ಇರಲಾರದು. ಹೀಟರು ಉರಿಯುವ 20 ಡಿಗ್ರಿಯ ಕೋಣೆಯಲ್ಲಿ ಸಾಪೇಕ್ಷ ಆರ್ದ್ರತೆ ಶೇ 50 ಎಂದಿಟ್ಟುಕೊಳ್ಳಿ. ಅಂದರೆ ಘನ ಮೀಟರಿಗೆ ಎಂಟೂವರೆ ಗ್ರಾಂ. ಈ ಗಾಳಿ ಒಂಬತ್ತು ಡಿಗ್ರಿಗಿಂತ ತಣ್ಣಗಿರುವ ಯಾವುದನ್ನು ಮುಟ್ಟಿದರೂ ಅಲ್ಲಿ ಹನಿ ಮೂಡುತ್ತದೆ. ಹೊರಗೆ ಹಿಮ ಕಟ್ಟುವ ರಾತ್ರಿಯಲ್ಲಿ ಹೆಂಚನ್ನು ತಲುಪಿದರೆ ಪ್ರತಿ ಘನ ಮೀಟರಿನಿಂದ ಸುಮಾರು ನಾಲ್ಕು ಗ್ರಾಂ ನೀರು ಇಳಿಯಬೇಕಾಗುತ್ತದೆ. ಅಡುಗೆ, ಸ್ನಾನ, ಒಳಗೇ ಒಣಹಾಕುವ ಬಟ್ಟೆ, ಉಸಿರು ಎಲ್ಲ ಸೇರಿ ನಾಲ್ಕು ಜನರ ಸಂಸಾರ ದಿನಕ್ಕೆ ಹತ್ತು ಲೀಟರ್ ಆಸುಪಾಸು ನೀರನ್ನು ಗಾಳಿಗೆ ಬಿಡುತ್ತದೆ. ಆ ಆವಿ ಮೇಲೇರದೆ ಇರುವುದಿಲ್ಲ.

ಗಾಳಿಯಾಡುವ ಅಟ್ಟದಲ್ಲಿ ಈ ಆವಿ ಸೂರಿನಿಂದ ಹೊರಟುಹೋಗುತ್ತಿತ್ತು. ನೊರೆ ಹೊಡೆದ ಅಟ್ಟದಲ್ಲಿ ಆ ದಾರಿ ಮುಚ್ಚಿದೆ. ಸ್ಪಂಜಿನಂಥ ನೊರೆಯಾದರೆ ಆವಿ ನಿಧಾನವಾಗಿ ಅದರೊಳಗಿಂದಲೇ ತೂರಿ, ನೊರೆಯ ಆಚೆ ಬದಿಯಲ್ಲಿ ಮೊದಲಿಗಿಂತಲೂ ತಣ್ಣಗಿರುವ ಹೆಂಚು ಅಥವಾ ಡಾಂಬರು ಹಾಳೆಯನ್ನು ಸೇರಿ ನೀರಾಗಬಹುದು. ಬಿಗಿಯಾದ ನೊರೆ ಆವಿಯನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಹೊರಗಿನ ಒಂದು ಸ್ಲೇಟು ಒಡೆದು ಮಳೆನೀರು ಇಳಿದರೆ ಅದಕ್ಕೆ ಒಣಗಲು ದಾರಿಯೇ ಇಲ್ಲ, ಮರವನ್ನು ತಬ್ಬಿಕೊಂಡು ಕೂರುತ್ತದೆ. ಮರದ ತೇವಾಂಶ ಶೇ 20 ದಾಟಿ ಹಾಗೇ ಉಳಿದರೆ ಕೊಳೆಸುವ ಶಿಲೀಂಧ್ರಗಳಿಗೆ ಹಬ್ಬ. ಕೆಳಗೆ ಮಲಗಿದವರಿಗೆ ಒಂದು ಹನಿಯೂ ತಾಗುವುದಿಲ್ಲ, ಕಲೆಯೂ ಕಾಣುವುದಿಲ್ಲ. ಸೋರುವ ಮಾಡಿಗಿಂತ ಸೋರಿದ್ದು ಗೊತ್ತಾಗದ ಮಾಡು ಅಪಾಯಕಾರಿ.

ಹಾಗೆಂದು ನೊರೆ ಹೊಡೆದ ಮಾಡುಗಳೆಲ್ಲ ಕೊಳೆತಿವೆ ಎಂದೇನೂ ಅಲ್ಲ. ಮೊದಲೇ ಲೆಕ್ಕ ಹಾಕಿ, ಆವಿ ತಡೆಯುವ ಪದರ ಕೊಟ್ಟು, ಗಾಳಿಗೆ ಬೇರೆ ವ್ಯವಸ್ಥೆ ಮಾಡಿ ಕಟ್ಟಿದ ಹೊಸ ಮನೆಗಳಲ್ಲಿ ಈ ನೊರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅಮೆರಿಕ, ಕೆನಡಾಗಳಲ್ಲಿ ಅದರ ಬಳಕೆ ವ್ಯಾಪಕ. ತೊಂದರೆ ಬಂದಿರುವುದು ಗಾಳಿಯನ್ನು ನಂಬಿ ಕಟ್ಟಿದ ಹಳೆಯ ಮಾಡಿಗೆ, ಪರೀಕ್ಷೆಯನ್ನೂ ಮಾಡದೆ, ಒಂದು ದಿನದಲ್ಲಿ ಹೊಡೆದು ಹೋದಾಗ.

ಇನ್ನು ಬ್ಯಾಂಕಿನ ಕಡೆ. ಇಂಗ್ಲೆಂಡಿನಲ್ಲಿ ಮನೆ ಸಾಲಕ್ಕೆ ಅರ್ಜಿ ಹಾಕಿದೊಡನೆ ಬ್ಯಾಂಕು ಒಬ್ಬ ಸರ್ವೇಯರನ ಅಭಿಪ್ರಾಯ ಕೇಳುತ್ತದೆ. ನಮ್ಮಲ್ಲಿ ಸರ್ವೇಯರ್ ಎಂದರೆ ಸರಪಳಿ ಹಿಡಿದು ಜಮೀನು ಅಳೆಯುವವನು. ಅಲ್ಲಿ ಮನೆಯ ಆರೋಗ್ಯ ನೋಡಿ ಬೆಲೆ ಕಟ್ಟುವವನು. ಆತ ಅಟ್ಟಕ್ಕೆ ತಲೆ ತೂರಿಸಿ ಟಾರ್ಚು ಬಿಟ್ಟು ಪಕಾಸುಗಳನ್ನು ನೋಡುತ್ತಾನೆ. ಎಲ್ಲೆಲ್ಲೂ ನೊರೆಯೇ ಕಂಡರೆ ಆತ ಬರೆಯುವುದು ‘ಮರ ಕೊಳೆತಿದೆ’ ಎಂದಲ್ಲ, ‘ಮರವನ್ನು ನೋಡಲಾಗಲಿಲ್ಲ’ ಎಂದು. ಆ ಒಂದು ವಾಕ್ಯ ಸಾಕು. ಇಪ್ಪತ್ತೈದು ಮೂವತ್ತು ವರ್ಷದ ಸಾಲಕ್ಕೆ ಭದ್ರತೆಯಾಗಿ ನಿಂತಿರುವುದು ಆ ಮನೆ. ಸಾಲಗಾರ ಕೈಯೆತ್ತಿದರೆ ಬ್ಯಾಂಕು ಅದನ್ನು ಮಾರಿ ಹಣ ವಸೂಲು ಮಾಡಬೇಕು. ಆಗ ಕೊಳ್ಳಲು ಬರುವವನಿಗೂ ಇನ್ನೊಂದು ಬ್ಯಾಂಕಿನ ಸಾಲ ಬೇಕು. ಆ ಇನ್ನೊಂದು ಬ್ಯಾಂಕು ಕೊಡುತ್ತದೆಯೇ? ಕೊಡಲಿಕ್ಕಿಲ್ಲ ಎಂಬ ಅನುಮಾನ ಬಂದರೆ ಈ ಬ್ಯಾಂಕೂ ಕೊಡುವುದಿಲ್ಲ. ಹೀಗೆ ಮರ ಗಟ್ಟಿಯಾಗಿರುವ ಮನೆ ಕೂಡ ಒಬ್ಬರ ಅನುಮಾನವನ್ನು ಇನ್ನೊಬ್ಬರು ಅನುಮಾನಿಸುವ ಸುಳಿಯಲ್ಲಿ ಸಿಕ್ಕಿಬೀಳುತ್ತದೆ. ಬ್ಯಾಂಕುಗಳ ಈ ತರ್ಕ ಕಠೋರ ನಿಜ, ಅಸಂಬದ್ಧವಂತೂ ಅಲ್ಲ.

2024ರಲ್ಲಿ ಬಿಬಿಸಿ ವಿಚಾರಿಸಿದಾಗ ಅಲ್ಲಿನ ದೊಡ್ಡ ಸಾಲದಾತ ಸಂಸ್ಥೆಗಳಲ್ಲಿ ಕಾಲು ಭಾಗ, ಮಾಡಿನಲ್ಲಿ ನೊರೆಯಿರುವ ಮನೆಗೆ ಸಾಲವನ್ನೇ ಕೊಡುವುದಿಲ್ಲವೆಂದು ತಿಳಿದುಬಂತು. ಅಂಥ ಮನೆಗಳ ಸಂಖ್ಯೆ ಎರಡೂವರೆ ಲಕ್ಷಕ್ಕೂ ಹೆಚ್ಚೆಂದು ಅದೇ ವರದಿ ಹೇಳಿತು. ಉಳಿದ ಸಂಸ್ಥೆಗಳಲ್ಲಿ ಹಲವು ತಜ್ಞರ ವರದಿ, ಹಳೆಯ ಕಾಗದಪತ್ರ ಕೇಳಿ ಆಮೇಲೆ ತೀರ್ಮಾನಿಸುತ್ತವೆ. ಸರ್ವೇಯರುಗಳ ಸಂಘಟನೆಯಾದ ರಾಯಲ್ ಇನ್‌ಸ್ಟಿಟ್ಯೂಷನ್ ಆಫ್ ಚಾರ್ಟರ್ಡ್ ಸರ್ವೇಯರ್ಸ್ 2023ರಲ್ಲಿ ಜನಸಾಮಾನ್ಯರಿಗಾಗಿಯೇ ಒಂದು ಕೈಪಿಡಿ ಹೊರತಂದಿತು. ಅದೇ ವರ್ಷ ಪ್ರಾಪರ್ಟಿ ಕೇರ್ ಅಸೋಸಿಯೇಷನ್ ಮತ್ತಿತರರು ಇಂಥ ಮಾಡುಗಳನ್ನು ಹೇಗೆ ಪರೀಕ್ಷಿಸಬೇಕೆಂಬ ಕ್ರಮವೊಂದನ್ನು ಗೊತ್ತುಮಾಡಿದರು. ಇಷ್ಟಾದರೂ ಪರೀಕ್ಷೆಯಲ್ಲಿ ಪಾಸಾಗಲು ಬೇಕಾದದ್ದು ಕಾಗದ: ನೊರೆ ಹೊಡೆಯುವ ಮೊದಲು ಮರದ ತೇವಾಂಶ ಎಷ್ಟಿತ್ತು, ಹನಿಗಟ್ಟುವ ಲೆಕ್ಕ ಹಾಕಿದ್ದರೇ, ಫೋಟೋ ಇದೆಯೇ. ಬಹಳ ಮನೆಗಳಲ್ಲಿ ಸಿಗುವುದು ಇಪ್ಪತ್ತೈದು ವರ್ಷದ ಗ್ಯಾರಂಟಿ ಪತ್ರವೊಂದೇ. ಅದು ಸಾಮಾನ್ಯವಾಗಿ ನೊರೆಗೆ ಕೊಟ್ಟ ಗ್ಯಾರಂಟಿ, ನೊರೆಯ ಹಿಂದಿನ ಮರಕ್ಕಲ್ಲ. ಕೊಟ್ಟ ಕಂಪನಿ ಮುಚ್ಚಿಹೋಗಿದ್ದರೆ ಅದೂ ಬರಿಯ ಹಾಳೆ.

ಇದರಲ್ಲಿ ಹೆಚ್ಚು ನೊಂದವರು ವಯಸ್ಸಾದವರು. ಫೋನಿನಲ್ಲಿ, ಬಾಗಿಲಲ್ಲಿ ಬಂದು ಮಾತಾಡಿದ ಮಾರಾಟಗಾರರನ್ನು ಹೆಚ್ಚು ನಂಬಿದವರೂ ಅವರೇ. ಅಲ್ಲಿ 55 ದಾಟಿದವರು ಮನೆಯಲ್ಲೇ ಇದ್ದುಕೊಂಡು, ಅದರ ಬೆಲೆಯ ಒಂದು ಭಾಗವನ್ನು ಸಾಲವಾಗಿ ಪಡೆದು, ತಮ್ಮ ಕಾಲಾನಂತರ ಮನೆ ಮಾರಿ ತೀರಿಸುವ ಏರ್ಪಾಡಿದೆ. ನಮ್ಮಲ್ಲಿ 2007ರ ಬಜೆಟ್ಟಿನಲ್ಲಿ ‘ರಿವರ್ಸ್ ಮಾರ್ಟ್‌ಗೇಜ್’ ಎಂದು ಘೋಷಿಸಿದ್ದು ಇದರ ಸೋದರನೇ. ನೊರೆಯ ಬಗ್ಗೆ ಈ ಬಗೆಯ ಸಾಲದಾತರು ಇನ್ನೂ ಬಿಗಿ. ಮಂಡಿನೋವಿನಿಂದ ಮಹಡಿ ಹತ್ತಲಾಗದೆ ಚಿಕ್ಕ ಮನೆಗೆ ಹೋಗಬೇಕೆನ್ನುವ ಮುದುಕಿ, ಆರೈಕೆ ಗೃಹದ ಖರ್ಚಿಗೆ ಮನೆ ಮಾರಲೇಬೇಕಾದ ದಂಪತಿ, ಇಂಥವರ ಇಡೀ ಜೀವಮಾನದ ಉಳಿತಾಯ ಇರುವುದು ಆ ಇಟ್ಟಿಗೆ ಹೆಂಚುಗಳಲ್ಲಿ. ಸಾಲವಿಲ್ಲದೆ ರೊಕ್ಕ ಎಣಿಸಿ ಕೊಳ್ಳುವವನೊಬ್ಬ ಬಂದರೆ ಅವನು ಕೇಳುವ ಬೆಲೆಗೆ ತಲೆಬಾಗಬೇಕು.

ಓದಲೆಂದು ಬ್ರಿಟನ್ನಿಗೆ ಹೋಗಿ ಅಲ್ಲೇ ಕೆಲಸ ಹಿಡಿದ ಕನ್ನಡದ ಹುಡುಗ ಹುಡುಗಿಯರು ಮನೆ ಕೊಳ್ಳುವಾಗ ಊರಿನಿಂದ ಅಪ್ಪ ಅಮ್ಮ ಮುಂಗಡಕ್ಕೆ ಹಣ ಹೊಂದಿಸುವುದುಂಟು. ಅಂಥವರು ತಿಳಿದಿರಬೇಕಾದ ಸಂಗತಿಯೊಂದಿದೆ. ಬ್ಯಾಂಕು ಮಾಡಿಸುವ ಬೆಲೆ ಅಂದಾಜು ಬ್ಯಾಂಕಿನ ಅನುಕೂಲಕ್ಕೆ. ಕೆಲವೊಮ್ಮೆ ಮನೆಗೆ ಕಾಲಿಡದೆಯೂ ಅದು ಮುಗಿಯುತ್ತದೆ. ಹೀಗಾಗಿ ಒಂದು ಬ್ಯಾಂಕಿನ ಕಣ್ಣು ತಪ್ಪಿಸಿದ ನೊರೆ, ಮುಂದೆ ಮಾರುವಾಗ ಇನ್ನೊಂದರ ಕಣ್ಣಿಗೆ ಬೀಳಬಹುದು. ಕೊಳ್ಳುವವರು ತಮ್ಮ ಖರ್ಚಿನಲ್ಲಿ ಬೇರೆ ಸರ್ವೇ ಮಾಡಿಸಬೇಕು. ಅದರಲ್ಲಿ ಮೂರು ಹಂತಗಳಿವೆ. ಹಳೆಯ ಮನೆಗೆ ಮೂರನೆಯದೇ ಒಳ್ಳೆಯದು. ಕೆಲವು ನೂರು ಪೌಂಡು ಉಳಿಸಲು ಹೋಗಿ ಅಟ್ಟದ ಏಣಿಯನ್ನೇ ಹತ್ತದೆ ಸಹಿ ಹಾಕಿದರೆ ಆಮೇಲೆ ಯಾರನ್ನು ದೂರುವುದು?

ನೊರೆ ತೆಗೆಸಲು ಸಾಧ್ಯವಿಲ್ಲವೇ? ಸಾಧ್ಯ. ಕೆಲಸದವರು ಮುಖವಾಡ ಹಾಕಿಕೊಂಡು ಅಟ್ಟದಲ್ಲಿ ಬಗ್ಗಿ ಕುಳಿತು, ಚಾಕು, ಉಳಿ, ಕೆರೆಯುವ ಉಪಕರಣ ಹಿಡಿದು ದಿನಗಟ್ಟಲೆ ಕೆರೆಯಬೇಕು. ಮೆತ್ತನೆಯದು ಹೇಗೋ ಕಳಚಿ ಬರುತ್ತದೆ. ಬಿಗಿಯಾದದ್ದು ಮರದ ನಾರನ್ನೂ ಕಿತ್ತುಕೊಂಡು, ಅಂಟಿದ ಸ್ಲೇಟನ್ನೂ ಒಡೆದು ಬರುತ್ತದೆ. ಕೆಲವೊಮ್ಮೆ ಮಾಡನ್ನೇ ಹೊಸದಾಗಿ ಹೊದಿಸಬೇಕಾಗುತ್ತದೆ. ಹೊಡೆಸಲು ಕೊಟ್ಟದ್ದಕ್ಕಿಂತ ತೆಗೆಸಲು ಹೆಚ್ಚು ತೆತ್ತವರಿದ್ದಾರೆ. ಈಗ ಅದೇ ಮುದುಕರ ಮನೆಯ ಫೋನು ಮತ್ತೆ ಬಾರಿಸುತ್ತಿದೆ. ‘ನಿಮ್ಮ ಅಟ್ಟದಲ್ಲಿ ನೊರೆ ಇದೆಯಂತೆ, ಅಪಾಯ, ಕೂಡಲೇ ತೆಗೆಸಿ, ನಾವೇ ಬರುತ್ತೇವೆ’ ಎನ್ನುತ್ತದೆ ಆ ಕಡೆಯ ದನಿ. ಅಂಥ ಕರೆಗಳನ್ನು ನಂಬಬೇಡಿ, ಮೊದಲು ಸ್ವತಂತ್ರ ಸರ್ವೇಯರೊಬ್ಬರಿಗೆ ತೋರಿಸಿ ಎಂದು ಗ್ರಾಹಕ ಸಂಘಟನೆಗಳು ಎಚ್ಚರಿಸುತ್ತಿವೆ.