ಆಯಿಲ್ ಪೇಂಟಿನ ಮೇಲೆ ಎಮಲ್ಷನ್ ಬಳಿಸುವಿರಾ?

ಹಬ್ಬ ಹತ್ತಿರವಾದಂತೆ ಮನೆಗೆ ಬಣ್ಣ ಬಳಿಸುವ ಆತುರ. ಸರಗೂರಿನಂಥ ಊರುಗಳ ಹಳೆಯ ಮನೆಗಳಲ್ಲಿ ಗೋಡೆಯ ಕೆಳಭಾಗಕ್ಕೆ ಹೊಳಪಿನ ಆಯಿಲ್ ಪೇಂಟ್ ಇರುವುದುಂಟು. ಅದರ ಮೇಲೆ ನೇರವಾಗಿ ಎಮಲ್ಷನ್ ಬಳಿದರೆ ಹಿಡಿಯುವುದಿಲ್ಲ, ಪದರವಾಗಿ ಏಳುತ್ತದೆ. ಮೊದಲು ಸೋಪಿನ ನೀರಿನಿಂದ ಜಿಡ್ಡು ತೊಳೆಯಿರಿ. ಹೊಳಪು ಹೋಗುವವರೆಗೆ ಉಜ್ಜಿಸಿ, ಒರೆಸಿ, ಪೂರ್ತಿ ಒಣಗಿದ ಮೇಲೆ ಪ್ರೈಮರ್ ಹಚ್ಚಿಸಿ, ಬಣ್ಣ ಆಮೇಲೆ.

ಆದರೆ ಒಣ ಗೋಡೆಯನ್ನು ಉಜ್ಜಿಸಬೇಡಿ. ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಬಣ್ಣದ ಧೂಳಿನಲ್ಲಿ ಸೀಸವಿರಬಹುದು. ಅದು ಮಕ್ಕಳ ಮೆದುಳಿಗೆ ಹಾನಿಕರ. ಗೋಡೆಯನ್ನು ಒದ್ದೆ ಮಾಡಿಕೊಂಡೇ ವಾಟರ್ ಪೇಪರಿನಿಂದ ಉಜ್ಜಿಸಿ. ಆಗ ಮಕ್ಕಳೂ ಗರ್ಭಿಣಿಯರೂ ಆ ಕೋಣೆಗೆ ಬಾರದಿರಲಿ. ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಸಹೋದರಿಯರೇ, ಶುಚಿತ್ವವನ್ನು ಈಮಾನಿನ ಭಾಗವೆಂದು ನಂಬಿದವರು ನಾವು. ಗೋಡೆಯ ಚೆಲುವಿಗಿಂತ ಮಕ್ಕಳ ಆರೋಗ್ಯ ದೊಡ್ಡದು.